ಆರ್ಡರ್ ಚೀಟಿಯ ಇಂಗ್ಲಿಷ್

ಪುಸ್ತಕದ ಇಂಗ್ಲಿಷ್ ಬೇಡ, ಜನರ ಬಾಯಿಂದ ಕೇಳಿದ ಹತ್ತು ಮಾತು ಬರೆದುಕೊಂಡು ಬನ್ನಿ ಎಂಬ ನಿಯಮ ಮಾಡಿದ್ದು ನಾನೇ. ನನ್ನ ಬುದ್ಧಿಗೆ ಏನು ಹೇಳಲಿ. ಧಾರವಾಡದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಗ್ರಾಮರ್ ಅರೆದು ಕುಡಿಸಿದವಳು ನಾನು. ಗಂಡನಿಗೆ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಹಮದಾಬಾದಿಗೆ ಬಂದು, ನವರಂಗಪುರದ ಮನೆಯ ಮುಂದಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ಶುರುಮಾಡಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಹೋಮ್‌ವರ್ಕ್ ತಾರದವರನ್ನು, ಅವರಿಗೆ ಅರವತ್ತಾಗಿದ್ದರೂ, ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದೆ.

೨೦೦೪ರ ಜನವರಿಯಲ್ಲಿ ತಿಮ್ಮಪ್ಪ ಬಂದರು. ಕುಂದಾಪುರದ ಕಡೆಯವರು, ನಮ್ಮ ರಸ್ತೆಯ ತಿರುವಿನಲ್ಲೇ ಅವರ ಉಡುಪಿ ಹೋಟೆಲು. ಗುಜರಾತಿ, ಹಿಂದಿ ಎರಡೂ ಸಲೀಸು, ಇಂಗ್ಲಿಷ್ ಮಾತ್ರ ಸೊನ್ನೆ.

"ಮಾರ್ಚಿನಲ್ಲಿ ಮಗಳ ಕಾಲೇಜಿನ ಕೊನೇ ಫಂಕ್ಷನ್ ಉಂಟು ಟೀಚರ್. ಅಪ್ಪ ಅಮ್ಮ ಯಾರಾದ್ರೂ ಸ್ಟೇಜಿನ ಮೇಲೆ ಎರಡು ಮಾತು ಹೇಳ್ಬೇಕಂತೆ. ನಮ್ಮವಳಿಗೆ ಮೈಕ್ ಕಂಡ್ರೆ ಕೈಕಾಲು ನಡುಗ್ತದೆ. ನಾನೇ ಹೇಳ್ಬೇಕು, ಮಗಳ ಭಾಷೆಯಲ್ಲೇ ಹೇಳ್ಬೇಕು."

ಮಗಳು ನಿಶ್ಚಿತಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಕನ್ನಡ 'ಊಟ ಆಯ್ತು', 'ಸಾಕು', 'ಬೇಡ' ಅಷ್ಟಕ್ಕೇ ನಿಂತಿತ್ತು. ಅಪ್ಪ ಮಗಳು ಕೂತು ನೆಟ್ಟಗೆ ಮಾತಾಡಿ ನಾಲ್ಕು ವರ್ಷವಾಯಿತು ಎಂದು ಹೇಳುವಾಗ ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ಹತ್ತು ಮಾತು ಎಲ್ಲಿಂದ ತರಲಿ ಎಂದು ಕೇಳಿದರು.

"ಮನಿಯೊಳಗ ಮಗಳ ಇದ್ದಾಳಲ್ರಿ. ಆಕಿ ಫೋನಿನ್ಯಾಗ ಗೆಳತ್ಯಾರ ಜೋಡಿ ಮಾತಾಡೂದು ಕೇಳಿ ಬರಕೊಂಡ ಬರ್ರಿ" ಎಂದವಳೂ ನಾನೇ.

ಮುಂದಿನ ವಾರ ಅಂಗಿಯ ಜೇಬಿನಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಹೋಟೆಲಿನ ಆರ್ಡರ್ ಚೀಟಿಗಳು. ಮೇಲೆ ಟೇಬಲ್ ನಂಬರು, ಕೆಳಗೆ ದುಂಡಗಿನ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಮಾತು.

'ಮೈ ಡ್ಯಾಡ್ ಈಸ್ ಎ ಪೇನ್ ಇನ್ ದಿ ನೆಕ್.' ನನ್ನಪ್ಪ ಒಂದು ದೊಡ್ಡ ಪೀಡೆ. ಎರಡನೆಯದು, 'ಹಿ ಹ್ಯಾಸಂಟ್ ಗಾಟ್ ಎ ಕ್ಲೂ.' ಅವರಿಗೆ ಏನೇನೂ ತಿಳಿಯುವುದಿಲ್ಲ. ಮೂರನೆಯದನ್ನು ಎರಡು ಸಲ ಓದಿದೆ. 'ಹಿಮ್ ಆನ್ ದಟ್ ಸ್ಟೇಜ್? ಓವರ್ ಮೈ ಡೆಡ್ ಬಾಡಿ.' ಅವರು ಆ ಸ್ಟೇಜು ಹತ್ತಬೇಕಾದರೆ ನನ್ನ ಹೆಣ ದಾಟಿಕೊಂಡು ಹೋಗಬೇಕು.

"ಸರಿಯಾಗಿ ಕೇಳೀರೇನ್ರಿ?" ಎಂದೆ. ಕೇಳಿಲ್ಲ ಎನ್ನಲಿ ದೇವರೇ ಎಂದುಕೊಂಡೆ.

"ಮೂವತ್ತು ವರ್ಷ ಆರ್ಡರ್ ತಗೊಂಡ ಕಿವಿ ಟೀಚರ್. ಅರ್ಥ ಗೊತ್ತಿಲ್ಲದಿದ್ರೂ ಒಂದಕ್ಷರ ತಪ್ಪುದಿಲ್ಲ. ಈ ಮೊದಲನೇದು ಎಂತ?"

ನಾನು ಜನ್ಮದಲ್ಲಿ ತಪ್ಪು ಅರ್ಥ ಹೇಳಿಕೊಟ್ಟವಳಲ್ಲ. ಅವತ್ತು ಹೇಳಿದೆ. "ಕೂಸು ಹೆಗಲ ಮ್ಯಾಲೆ ಕೂತ್ರ ಕುತ್ತಿಗಿ ನೋಯ್ತದಲ್ರಿ. ಆದ್ರೂ ಇಳಸಂಗಿಲ್ಲ. ಅಂಥಾ ಪ್ರೀತಿಗೆ ಹಂಗಂತಾರ." ಎರಡನೆಯದಕ್ಕೆ, ಕಪಟ ಅರಿಯದ ಮನುಷ್ಯ ಎಂದೆ. ಮೂರನೆಯ ಚೀಟಿಯನ್ನು ಮುದುಡಿ ಪರ್ಸಿಗೆ ತುರುಕಿ, "ಇದು ಸಿನಿಮಾದ ಮಾತು, ಬಿಡ್ರಿ" ಎಂದೆ.

ತಿಮ್ಮಪ್ಪ ಉಳಿದ ಚೀಟಿಗಳನ್ನು ಜೋಡಿಸಿ ಜೇಬಿಗೆ ಹಾಕಿಕೊಂಡು ತಲೆಯಾಡಿಸಿದರು. ಎರಡು ತಿಂಗಳು ನಾನು ಅವರಿಗೆ ಬೇರೆ ಮೂರೇ ವಾಕ್ಯ ಉರು ಹೊಡೆಸಿದೆ. ನನ್ನ ಹೆಸರು ತಿಮ್ಮಪ್ಪ, ಹೋಟೆಲು ನಡೆಸುತ್ತೇನೆ, ಮಗಳ ಬಗ್ಗೆ ಹೆಮ್ಮೆ ಇದೆ. ಇದರ ಮೇಲೆ ಒಂದು ಶಬ್ದವೂ ಬೇಡ ಎಂದು ಆಣೆ ಹಾಕಿಸಿಕೊಂಡಂತೆ ಹೇಳಿದ್ದೆ.

ಫಂಕ್ಷನ್ನಿಗೆ ಅವರೇ ನನ್ನನ್ನೂ ಕರೆದುಕೊಂಡು ಹೋದರು. ಮೂರನೇ ಸಾಲಿನಲ್ಲಿ ನಿಶ್ಚಿತಾ ತಲೆ ತಗ್ಗಿಸಿ ಕೂತಿದ್ದಳು. ತಿಮ್ಮಪ್ಪ ಮೂರು ವಾಕ್ಯ ಸರಿಯಾಗಿಯೇ ಹೇಳಿದರು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಅವರು ಇಳಿಯಲಿಲ್ಲ.

"ಮೈ ಡಾಟರ್ ಸೇಸ್, ಐ ಯಾಮ್ ಪೇನ್ ಇನ್ ದಿ ನೆಕ್."

ಸಭೆ ಗೊಳ್ಳೆಂದು ನಕ್ಕಿತು. ಅವರು ನಗು ನಿಲ್ಲುವವರೆಗೆ ಕಾದು, ತುಂಡು ತುಂಡು ಇಂಗ್ಲಿಷಿನಲ್ಲಿ ಮುಂದುವರಿಸಿದರು. ಮಗಳು ಚಿಕ್ಕವಳಿದ್ದಾಗ ನೋಡಿಕೊಳ್ಳಲು ಯಾರೂ ಇರಲಿಲ್ಲ, ಹೆಂಡತಿ ಅಡಿಗೆಮನೆಯಲ್ಲಿ. ಹಾಗಾಗಿ ಹೆಗಲ ಮೇಲೆ ಕೂರಿಸಿಕೊಂಡೇ ಆರ್ಡರ್ ತೆಗೆದುಕೊಳ್ಳುತ್ತಿದ್ದೆ. ಕುತ್ತಿಗೆ ಬಹಳ ನೋಯುತ್ತಿತ್ತು ಎಂದರು. "ಐ ಡಿಡ್ ನಾಟ್ ಪುಟ್ ಡೌನ್. ಟುಡೇ ಆಲ್ಸೋ, ನಾಟ್ ಪುಟ್ ಡೌನ್."

ಆಮೇಲೆ ಯಾರೂ ನಗಲಿಲ್ಲ. ನಿಶ್ಚಿತಾ ತಲೆ ಎತ್ತಿ ಅಪ್ಪನನ್ನೇ ನೋಡಿದಳು. ತಾನು ಫೋನಿನಲ್ಲಿ ಆಡಿದ್ದನ್ನು ಅಪ್ಪ ಕೇಳಿದ್ದಾರೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿದ್ದು.

ಹೊರಗೆ ಬಂದಮೇಲೆ ನನಗೆ ತಡೆಯಲಾಗಲಿಲ್ಲ. ಪರ್ಸಿನಿಂದ ಆ ಚೀಟಿ ತೆಗೆದೆ. "ತಿಮ್ಮಪ್ಪನವರ, ನಾ ನಿಮಗ ಸುಳ್ಳ ಹೇಳೇನಿ. ಆ ಮಾತಿನ ಅರ್ಥ ಬ್ಯಾರೇನ ಅದ."

"ಗೊತ್ತುಂಟು ಟೀಚರ್."

"ಹೆಂಗ ಗೊತ್ತಾತ್ರಿ?" ಎಂದೆ.

"ಹೋಟೆಲಿಗೆ ದಿನಾ ಬರೂದು ಕಾಲೇಜು ಮಕ್ಕಳೇ ಅಲ್ವಾ. ಅವರ ಹತ್ರ ಮೊದಲೇ ಕೇಳಿದ್ದೆ, ಎಲ್ಲಾ ಚೀಟಿದೂ. ಬೇರೆ ಅರ್ಥ ಏನಾದ್ರೂ ಇರಬಹುದಾ ಅಂತ ನಿಮ್ಮ ಹತ್ರ ಬಂದೆ. ನೀವು ಒಂದು ಕೊಟ್ರಿ. ನಾನು ಅದನ್ನೇ ಇಟ್ಕೊಂಡೆ."

ಅಷ್ಟರಲ್ಲಿ ನಿಶ್ಚಿತಾ ಬಂದಳು. ಕಣ್ಣು ಕೆಂಪಗಾಗಿತ್ತು. ಚೀಟಿಯ ವಿಷಯ ಅವಳ ಕಿವಿಗೂ ಬಿದ್ದಿರಬೇಕು. ನನ್ನ ಕೈಯಲ್ಲಿದ್ದ ಚೀಟಿಯನ್ನು ಎಳೆದುಕೊಂಡು ನೋಡಿದಳು, ತಿರುಗಿಸಿ ನೋಡಿದಳು. ಅವಳದೇ ಮಾತು, ಅವಳಿಗೆ ಓದಲು ಬಾರದ ಅಕ್ಷರದಲ್ಲಿ.

"ಪಪ್ಪಾ, ನಾನು ಇನ್ನೂ ಏನ್ ಹೇಳಿದೆ? ಇದ್ರಲ್ಲಿ ಏನ್ ಇದೆ? ಓದಿ, ಪ್ಲೀಸ್." ಇಲ್ಲದ ಕನ್ನಡವನ್ನು ಹುಡುಕಿ ಹುಡುಕಿ ಕೇಳಿದಳು.

ತಿಮ್ಮಪ್ಪ ಚೀಟಿಯ ಸುಕ್ಕು ಬಿಡಿಸಿ, ದೂರ ಹಿಡಿದು, ಅಡಿಗೆಮನೆಗೆ ಕೂಗಿ ಹೇಳುವ ದನಿಯಲ್ಲೇ ಓದಿದರು.

"ಟೇಬಲ್ ನಾಲ್ಕು. ಎರಡು ಮಸಾಲೆ ದೋಸೆ, ಒಂದು ಕಾಫಿ."

ಮತ್ತೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಹಳೇ ಆರ್ಡರ್ ಮಗಾ. ಅದು ಮುಗ್ದು ಹೋಯ್ತು."