ಡಬ್ಬಿಯ ಮೇಲೆ ಬರೆದ ಶಕ್ತಿ

ಅಗರಖೇಡದ ಮನೆಯಂಗಳದಲ್ಲಿ ದಾನೇಶ್ವರಿಯ ಒಂದು ಚಪ್ಪಲಿ ಬಿದ್ದಿತ್ತು. ಇನ್ನೊಂದು ಕಾಲಲ್ಲೇ ಇತ್ತು. ಕಳಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ತಾಯಿ ರುಕ್ಮವ್ವ ಅದನ್ನು ಎತ್ತಿಕೊಂಡು ಮಗಳ ಪಾದ ನೋಡಿದಳು. ಹೋದ ವರ್ಷವೂ ಹೀಗೇ ಶುರುವಾಗಿತ್ತು. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಒಂದು ಕಣ್ಣು ಮಂಜಾಯಿತು. ‘ಎಂ.ಎಸ್.’ ಎಂಬ ನರರೋಗ ಎಂದಿದ್ದರು ಡಾಕ್ಟರು. ಅವರ ಗುಳಿಗೆಯಿಂದ ಹಿಡಿತಕ್ಕೆ ಬಂದಿತ್ತು. ಈ ಸಲ ಕಾಲೇ ಹೋದರೆ?

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸುನೀತಾ ಬಂದಳು.

“ಗುಳಿಗಿ ತಪ್ಪದಂಗ ತಗೊಳ್ಳಾಕತ್ತಾಳೇನ್ರಿ, ದೊಡ್ಡವ್ವ?”

ರುಕ್ಮವ್ವ ಸೆರಗಿನ ತುದಿ ತಿರುವಿದಳು. “ಇಪ್ಪತ್ತ ದಿನ ಆತು, ಬಿಡಿಸೇನಿ. ನಮ್ಮ ಸಿದ್ದಲಿಂಗ ಮೊಬೈಲಿನ್ಯಾಗ ನೋಡಿ ಅಕ್ಕಗ ಅಣಬಿ ಪುಡಿ ತರಿಸ್ಯಾನ. ಹಾಲಿನ್ಯಾಗ ಕಲಿಸಿ ಕೊಡ್ತೇನಿ. ನೆಲದಾಗ ಹುಟ್ಟಿದ್ದು, ಏನ್ ಕೆಟ್ಟ ಮಾಡ್ತೈತಿ?”

“ಅಣಬಿ ಅಂದ್ರ ನಮ್ಮವ್ವ ಮೂಗು ಮುರೀತಿದ್ಲು,” ಎಂದಳು ದಾನೇಶ್ವರಿ. “ಡಬ್ಬಿಯಾಗ ಬಂದ ಕೂಡ್ಲೆ ಪ್ರಸಾದ ಆಗೈತಿ.”

ಸುನೀತಾ ಡಬ್ಬಿ ತಿರುಗಿಸಿ ಓದಿದಳು. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ.’

“ಇದನ್ನ ನೋಡೀರೇನ್?”

“ನೋಡೇ ತರಿಸೇವಿ. ಶಕ್ತಿ ಬೇಕಲ್ಲ ಹುಡುಗಿಗೆ?”

“ದೊಡ್ಡವ್ವ, ರೋಗದ ಕೂಡ ಹೊಡೆದಾಡೋ ಶಕ್ತಿನ ಈಕಿ ಮೈಯಾಗ ದಾರಿ ತಪ್ಪೈತ್ರಿ. ತನ್ನ ನರಾನ ವೈರಿ ಅಂತ ತಿಳಿದು ಕಡ್ಯಾಕತ್ತೈತಿ. ಗುಳಿಗಿ ಅದನ್ನ ತಡೀತಿತ್ತು. ನೀವು ಗುಳಿಗಿ ಬಿಡಿಸಿ, ಅದಕ್ಕ ಇನ್ನಷ್ಟು ಕಸುವು ಕೊಡಾಕ ಹೊಂಟೀರಿ.”

ರುಕ್ಮವ್ವ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. “ಹಂಗಾರ ಅಣಬಿಗೆ ಗುಣಾನ ಇಲ್ಲೇನು?”

“ಇಲ್ಲ ಅನ್ನಾಕ ಬರಂಗಿಲ್ಲ. ಇಲಿ ಮ್ಯಾಲ ಪರೀಕ್ಷೆ ಮಾಡ್ಯಾರ. ನರಕ್ಕ ಒಳ್ಳೇದಾಗಬಹುದು ಅಂತ ಕೆಲವು ಕಡೆ ಕಂಡೈತಿ. ಈ ರೋಗ ಇದ್ದ ಮಂದಿ ಮ್ಯಾಲ ದೊಡ್ಡ ಪರೀಕ್ಷೆ ಇನ್ನೂ ಆಗಿಲ್ಲ. ಕೆಲವು ಅಣಬಿ ರೋಗ ಕೆರಳಿಸಲೂಬಹುದು. ಡಾಕ್ಟರಿಗೆ ಯಾಕ ಕೇಳಲಿಲ್ಲ?”

“ಬೈತಾರಂತ ಅಂಜಿದ್ನೆವ್ವ.”

ಸುನೀತಾ ಅಲ್ಲೇ ಆಸ್ಪತ್ರೆಗೆ ಫೋನ್ ಹಚ್ಚಿದಳು. ಇವತ್ತೇ ಬರಬೇಕು, ಡಬ್ಬಿಯನ್ನೂ ತರಬೇಕು ಎಂದರು. ದಾನೇಶ್ವರಿ ಸೀರೆ ಬದಲಿಸುವಷ್ಟರಲ್ಲಿ ರುಕ್ಮವ್ವ ಅವಳ ಚಪ್ಪಲಿಗೆ ಹಿಂದಿನಿಂದ ಒಂದು ಪಟ್ಟಿ ಹೊಲಿದಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಡಾಕ್ಟರು ಬೈಯಲಿಲ್ಲ. ರೋಗ ಮತ್ತೆ ತಲೆ ಎತ್ತುತ್ತಿದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಚಿಕಿತ್ಸೆ ಶುರುಮಾಡಿದರು. ಪುಡಿ ನಿಲ್ಲಿಸಿ ಎಂದು ಅವರು ಹೇಳಿದ್ದಕ್ಕೆ, ಡಬ್ಬಿಯಲ್ಲಿ ಉಳಿದದ್ದನ್ನು ಸಿದ್ದಲಿಂಗ ತಾನೇ ತಿಪ್ಪೆಗೆ ಸುರಿದ. ದಾನೇಶ್ವರಿಯ ಕಾಲು ಇನ್ನೂ ಪೂರ್ತಿ ಸರಿಹೋಗಿಲ್ಲ. ಅವಳ ಹೆಜ್ಜೆಯ ಸಪ್ಪಳಕ್ಕೆ ರುಕ್ಮವ್ವ ಈಗಲೂ ಕಿವಿಗೊಟ್ಟೇ ರೊಟ್ಟಿ ಬಡಿಯುತ್ತಾಳೆ.

ತಾಯಂದಿರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಬಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಅವರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಿಸಬೇಡಿ.