ಕಾರಿನಲ್ಲಿ ಮಾಡಿದ ಪೋಸ್ಟ್‌ಮಾರ್ಟಮ್ಮು

ಇನ್ನೂ ಹೋಗಿಲ್ವಲ್ಲ ಈ ವಾಸನೆ, ಒದ್ದೆ ಗ್ಲೌಸಿನ ಹುಳಿ ವಾಸನೆ, ಮಗಳು ಲಾಸ್ಯಾ ತನ್ನ ಐಸ್ ಹಾಕಿ ಆಟದ ಬ್ಯಾಗನ್ನ ಗರಾಜಿಗೆ ಎಸೆದು ತಿಂಗಳಾಯ್ತು, ಆದರೂ ಕಾರಿನ ಕಿಟಕಿ ಏರಿಸಿದರೆ ಸಾಕು — ಸಿಗ್ನಲ್ಲು ಹಸಿರಾಯ್ತಾ, ಹೋಗ್ತೀನಿ ಕಣಯ್ಯಾ, ಯಾಕೆ ಹಾಗೆ ಹಾರನ್ ಹೊಡೀತೀಯ, ಎಲ್ಲಿಗೆ ಹೋಗೋದು ನಾನು, ಶನಿವಾರ ಬೆಳಿಗ್ಗೆ ಗ್ರೋಸರಿಗೆ, ಕೊತ್ತಂಬರಿ, ಮೊಸರು, ಹೋದ ವರ್ಷ ಈ ಹೊತ್ತಿಗೆ ಅಪ್ಪ ಮಗಳು ಐಸ್ ರಿಂಕಿನಲ್ಲಿ ಇರ್ತಿದ್ವಿ, ಹನ್ನೆರಡು ವರ್ಷದ ಗೋಲ್‌ಕೀಪರು, ತನಗಿಂತ ಅಗಲದ ಪ್ಯಾಡು ಕಟ್ಟಿಕೊಂಡು ಐಸಿಗೆ ಇಳಿದರೆ ಏನು ಖುಷಿ ಅವಳಿಗೆ, ಆ ಖುಷಿಯನ್ನ ನಾನೇ ಕೊಂದೆ, ಬೇರೆ ಯಾರೂ ಅಲ್ಲ.

ಮ್ಯಾಚು ಮುಗಿದು ಫ್ರೀವೇ ಹತ್ತೋ ಮೊದಲೇ ಶುರು, ಮೂರನೇ ಗೋಲು ಯಾಕೆ ಹೋಯ್ತು ಹೇಳು, ಎಡಗಡೆ ಯಾಕೆ ಬಿಟ್ಟೆ, ಆಫೀಸಲ್ಲಿ ಸರ್ವರು ಬಿದ್ದಾಗ ತಪ್ಪೆಲ್ಲಾಯ್ತು ಅಂತ ಮಾಡ್ತೀವಲ್ಲ ಪೋಸ್ಟ್‌ಮಾರ್ಟಮ್ಮು, ಅದನ್ನೇ ಮಗಳಿಗೂ ಮಾಡಿದೆ ನಾನು, ದೊಡ್ಡ ಇಂಜಿನಿಯರು, ಇಡೀ ಸೀಸನ್ನು, ಅವಳು ಓಕೆ ಅಪ್ಪಾ, ಓಕೆ ಅಪ್ಪಾ, ಆಮೇಲೆ ಬರೀ ಓಕೆ, ಆಮೇಲೆ ಅದೂ ಇಲ್ಲ, ಮಂಡ್ಯದಿಂದ ಬಂದಿದ್ದ ಅವ್ವ ಹಿಂದಿನ ಸೀಟಿಂದ, ಬುಡ್ಲಾ ಜಯರಾಮ, ಕೂಸ್ಗೆ ಮೊದ್ಲು ಉಣ್ಣಕ್ಕೇನಾದ್ರೂ ಕೊಡ್ಸು, ನಿಂಗೇನು ಗೊತ್ತು ಸುಮ್ನಿರವ್ವಾ ಅಂದೆ — ಅವ್ವನಿಗೇ ಗೊತ್ತಿತ್ತು.

ಕೊನೇ ಮ್ಯಾಚಿನಲ್ಲಿ ಒಂದೂ ಗೋಲು ಬಿಡಲಿಲ್ಲ ಮಗು, ಅವತ್ತೂ ಕಾರಲ್ಲಿ ನಾನು, ಗುಡ್, ಆದರೆ ಎರಡು ಸಲ ಬರೀ ಲಕ್ಕು ಕಣಮ್ಮ, ಮನೆಗೆ ಬಂದವಳು ಐ ಆಮ್ ಡನ್, ಇನ್ನು ಆಡಲ್ಲ ಅಂದಳು, ಅಳಲಿಲ್ಲ ಕೂಡ, ನಾಟಕ ಅಂದುಕೊಂಡೆ, ಥೂ ನನ್ನ ಬುದ್ಧಿಗಿಷ್ಟು. ಹೊಸ ಸೀಸನ್ನಿಗೆ ಹೆಸರು ಕೊಡೋಕೆ ಇವತ್ತೇ ಕೊನೇ ದಿನ, ಇನ್ನು ಕಾರಲ್ಲಿ ಬಾಯಿ ಬಿಡಲ್ಲ ಮಗಳೇ ಅಂತ ಬೆಳಿಗ್ಗೆ ರೂಮಿನ ಬಾಗಿಲಾಚೆ ನಿಂತು ಹೇಳಿದೆ, ಇಟ್ಸ್ ಫೈನ್ ಅಂದಳು, ಬಾಗಿಲು ತೆಗೀಲಿಲ್ಲ, ಫೈನ್ ಅಂತೆ, ಬೈದಿದ್ದರೆ ಎಷ್ಟೋ ವಾಸಿ ಇತ್ತು — ಗ್ರೋಸರಿ ಬಂತು, ಇಳಿಯೋಕೆ ಮನಸ್ಸಿಲ್ಲ, ಮತ್ತೆ ಆ ವಿಡಿಯೋ ಹಾಕ್ತೀನಿ, ಅವ್ವ ತನ್ನ ಫೋನಲ್ಲಿ ತೆಗೆದು ಊರಿಗೆ ಹೋದ ಮೇಲೆ ಕಳಿಸಿದ್ದು, ಕೊನೇ ಮ್ಯಾಚಿಂದು, ಅರ್ಧ ಅವ್ವನ ಬೆರಳೇ ಅಡ್ಡ, ಗೆದ್ದ ಖುಷಿಗೆ ಅವಳ ಟೀಮಿನವರೆಲ್ಲ ಲಾಸ್ಯಾ ಮೇಲೆ ಬೀಳ್ತಾರೆ, ಅವಳು ಬಿಡಿಸಿಕೊಂಡು ರಿಂಕಿನ ಗಾಜಿನ ಗೋಡೆ ಹತ್ತಿರ ಬರ್ತಾಳೆ, ಮಾಸ್ಕು ಮೇಲೆತ್ತಿ ನಗ್ತಾ ಅಪ್ಪಾ ಅಂತಾಳೆ, ಈಚೆ ಮೂಲೇಲಿ ನಾನು, ತಲೆ ಬಗ್ಗಿಸಿ ಅವಳ ತಪ್ಪು ಫೋನಲ್ಲಿ ಬರೀತಿದೀನಿ, ತಲೆ ಎತ್ತೋ, ಒಂದು ಸಲ ನೋಡೋ, ಎಷ್ಟು ಸಲ ಹಾಕಿದರೂ ನೋಡಲ್ಲ ಆ ಮುಠ್ಠಾಳ, ಅವಳು ಕಾಯ್ತಾಳೆ, ಇನ್ನೂ ಕಾಯ್ತಾಳೆ, ಆಮೇಲೆ ಮಾಸ್ಕು ಕೆಳಗೆ ಎಳ್ಕೊಳ್ತಾಳೆ, ಮತ್ತೆ ಹಾಕ್ತೀನಿ, ಮಾಸ್ಕು ಕೆಳಗೆ ಎಳ್ಕೊಳ್ತಾಳೆ —