ತೊಳೆದ ಕೋಳಿ

ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆಗೆ ಅಂಟಿಕೊಂಡಿದ್ದ ಆ ಮನೆಯಲ್ಲಿ ಆರು ಹೇಂಟೆ, ಒಂದು ಹುಂಜ ಇದ್ದವು. ಎಲ್ಲವೂ ಒಂದೇ ಬಣ್ಣ: ಅದಿರಿನ ಕೆಂಪು. ೨೦೦೭ರಲ್ಲಿ ಆ ರಸ್ತೆಯ ಮೇಲೆ ಅದಿರು ಲಾರಿಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ಓಡುತ್ತಿದ್ದವು. ಅವು ಎಬ್ಬಿಸಿದ ಧೂಳು ಗೋಡೆ, ಗಿಡ, ಕೊಡ, ಕೋಳಿ ಎನ್ನದೆ ಕೂರುತ್ತಿತ್ತು. ಮನೆಯ ಮಗ ಮಾರೇಶ್ ಅಂಥದೇ ಲಾರಿಯೊಂದರ ಡ್ರೈವರ್. ಅವನೂ ಸಂಜೆ ಕೆಂಪಾಗಿಯೇ ಬರುತ್ತಿದ್ದ.

ಕೋಳಿಗಳು ಅವನ ತಾಯಿ ಉಚ್ಚೆಂಗಮ್ಮನವು. ಅವುಗಳಲ್ಲಿ ಒಂದಕ್ಕೆ ಆಕೆ ಗೌಡತಿ ಎಂದು ಹೆಸರಿಟ್ಟಿದ್ದಳು. ಕಾಳು ಚೆಲ್ಲಿದರೆ ಮೊದಲು ಗೌಡತಿ, ಅದರ ಹಿಂದೆ ಮೋಟು ಬಾಲದ ಕೋಳಿ, ಆಮೇಲೆ ಉಳಿದವು. ಸರದಿ ತಪ್ಪಿ ಕೊಕ್ಕು ಚಾಚಿದ್ದಕ್ಕೆ ಗೌಡತಿ ನೆತ್ತಿಗೊಂದು ಕುಕ್ಕುತ್ತಿತ್ತು. ಅಷ್ಟಕ್ಕೇ ಜಗಳ ಮುಗಿಯುತ್ತಿತ್ತು.

ಬೇಸಿಗೆಯಲ್ಲಿ ಮಾರೇಶನ ಮದುವೆಯಾಯಿತು. ಸೊಸೆ ಅಂಜಲಿ ಕಂಪ್ಲಿಯವಳು. ಕಾಲುವೆ ನೀರು, ಭತ್ತದ ಗದ್ದೆ, ಬಾಳೆತೋಟಗಳ ನಡುವೆ ಬೆಳೆದವಳಿಗೆ ದಿನಾ ಅಂಗಳ ಗುಡಿಸಿ ಮೂಲೆಗೆ ಕೆಂಪು ಧೂಳಿನ ಗುಡ್ಡೆ ಹಾಕುವುದೇ ಒಂದು ಕೆಲಸವಾಯಿತು. ಕಾರಹುಣ್ಣಿಮೆ ಕಳೆದ ಮೇಲೆ ಅವಳ ಅಣ್ಣ ಪಕ್ಕೀರಪ್ಪ ಮೊದಲ ಬಾರಿ ತಂಗಿಯ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದ. ಮದುವೆಗೆ ಮುಂಚೆ, ಆ ಧೂಳಿನ ಊರು ಬೇಡ ಎಂದವನು ಅವನೇ. ಹಾಗಾಗಿ ಅಂಜಲಿ ಹಿಂದಿನ ದಿನ ಬಾಗಿಲು, ಕಟ್ಟೆ, ಕಿಟಕಿ ಎಲ್ಲ ತೊಳೆದಳು. ಗೌಡತಿ ಸದಾ ಕಟ್ಟೆಯ ಮೇಲೆಯೇ ಇರುತ್ತಿತ್ತು. ಅದನ್ನೂ ಹಿಡಿದು ಸೋಪು ಹಚ್ಚಿ ತೊಳೆದಳು.

ಕೆಂಪು ನೀರು ಹರಿದು ಹೋದ ಮೇಲೆ ಕಂಡದ್ದು ಹಾಲಿನಂಥ ಬಿಳಿ ಕೋಳಿ.

"ಅಯ್ಯ ಶಿವನೇ, ಇದು ಬಿಳೀದಿತ್ತು ಅಂಬೋದೇ ಮರ್ತಿದ್ದೆ!" ಎಂದು ಉಚ್ಚೆಂಗಮ್ಮ ನಕ್ಕಳು. ಕೋಳಿಯನ್ನು ಒಲೆಯ ಮುಂದೆ ಕೂರಿಸಿ ತಾನೇ ಒಣಗಿಸಿ, ಮತ್ತೆ ಕೊಳೆಯಾಗದಂತೆ ಪಕ್ಕೀರಪ್ಪ ಬರುವವರೆಗೆ ಒಳಗೇ ಇಟ್ಟುಕೊಂಡಳು.

ಮರುದಿನ ಪಕ್ಕೀರಪ್ಪ ಬಂದ. ಉಂಡು ಎಲೆಯಡಿಕೆ ಹಾಕಿಕೊಂಡು, ಕಟ್ಟೆಯ ಮೇಲಿದ್ದ ಗೌಡತಿಯನ್ನು ನೋಡಿದ. "ಭಾಳ ಚಂದ ಐತ್ರಿ ಅತ್ತಿ ಈ ಕೋಳಿ. ನಮ್ಮೂರಾಗೂ ಇಂಥಾದ್ದು ನೋಡಿಲ್ಲ," ಎಂದು ಹೊಗಳಿ ಸಂಜೆ ಬಸ್ಸಿಗೆ ಹೋದ.

ಅವನು ಹೋದ ಸ್ವಲ್ಪ ಹೊತ್ತಿಗೆ ಹಿತ್ತಿಲಲ್ಲಿ ಗದ್ದಲ ಎದ್ದಿತು. ಕಾಳಿಗೆ ಬಂದ ಗೌಡತಿಯ ಮೇಲೆ ಮೋಟು ಬಾಲದ್ದು ಹಾರಿತ್ತು. ಉಳಿದವೂ ಸುತ್ತುವರಿದು ಕುಕ್ಕುತ್ತಿದ್ದವು. ಅಂಜಲಿ ಓಡಿ ಬಿಡಿಸುವಷ್ಟರಲ್ಲಿ ಕುತ್ತಿಗೆಯಲ್ಲಿ ರಕ್ತ ಬಂದಿತ್ತು.

ಪಕ್ಕದ ಮನೆಯ ದುರ್ಗಕ್ಕ ಗೋಡೆಯ ಮೇಲಿಂದ ಇಣುಕಿದಳು. "ದೃಷ್ಟಿ ಆತು ಬಿಡು ಉಚ್ಚೆಂಗಿ. ನಿನ್ನ ಬೀಗ ಹೊಗಳಿದ್ದು ನಮ್ಮ ಅಡಿಗಿ ಮನಿತನಕ ಕೇಳ್ತಿತ್ತು."

"ನಮ್ಮಣ್ಣನ ಕಣ್ಣು ಅಂಥಾದ್ದಲ್ರೀ," ಎಂದಳು ಅಂಜಲಿ.

"ಕಣ್ಣು ಕೆಟ್ಟವರಿಗೆ ತಮ್ಮ ಕಣ್ಣು ಕೆಟ್ಟದ್ದಂತ ಗೊತ್ತಿರ್ತದೇನವಾ?"

ಉಚ್ಚೆಂಗಮ್ಮ ಗಾಯಕ್ಕೆ ದಪ್ಪಗೆ ಅರಿಸಿನ ಮೆತ್ತಿ, ಕೊರಳಿಗೆ ಕರಿ ದಾರ ಕಟ್ಟಿ, ಗೌಡತಿಯನ್ನು ಅಡಿಗೆಮನೆಯಲ್ಲಿ ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿಟ್ಟಳು. ಮರುದಿನ ಹೊರಗೆ ಬಿಟ್ಟಾಗ ಉಳಿದ ಕೋಳಿಗಳು ಮೊದಲಿಗಿಂತ ಜೋರಾಗಿ ಬಿದ್ದವು. ಅದರ ಮರುದಿನ ದಾರದ ತುದಿಯನ್ನೇ ಹಿಡಿದೆಳೆದವು. ದುರ್ಗಕ್ಕನ ಮಾತಿನಂತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದದ್ದಾಯಿತು. ಗೌಡತಿ ಕಾಳು ಬಿಟ್ಟಿತು, ತತ್ತಿಯನ್ನೂ ಬಿಟ್ಟಿತು.

ಶನಿವಾರ ರೊಟ್ಟಿ ಬಡಿಯುತ್ತ ಉಚ್ಚೆಂಗಮ್ಮ ಹೇಳಿದಳು: "ನಾಳೆ ಅದನ್ನ ಕೊಯ್ಯೋಣು. ಸುಮ್ಮನ ಸಾಯೋದಕ್ಕಿಂತ ಸಾರಾಗ್ಲಿ." ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡು, "ಪಂಚಮಿಗೆ ನಿಮ್ಮಣ್ಣ ಕರಿಯಾಕ ಬರೋದು ಬ್ಯಾಡ. ಮಾರೇಶನೇ ನಿನ್ನ ಬಿಟ್ಟು ಬರ್ತಾನ."

ಅಂಜಲಿ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಮದುವೆಯಾದ ಮೊದಲ ನಾಗರಪಂಚಮಿಗೆ ಅಣ್ಣನೇ ಬಂದು ತವರಿಗೆ ಕರೆದೊಯ್ಯಬೇಕು. ಅವನು ಬಾರದಿದ್ದರೆ ಕಂಪ್ಲಿಯಲ್ಲಿ ಓಣಿಯೆಲ್ಲ ಕಾರಣ ಕೇಳುತ್ತದೆ. ಕೋಳಿಗೆ ಕಣ್ಣು ಹಾಕಿದವನೆಂದು ಅಣ್ಣನಿಗೆ ಹೇಗೆ ಹೇಳುವುದು?

ಭಾನುವಾರ ಮಾರೇಶನಿಗೆ ರಜೆ. ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಿ, ಮದುವೆಯ ಬಿಳಿ ಅಂಗಿ ತೊಟ್ಟು ಕೋಳಿ ಕೊಯ್ಯುವ ಮುಂಚೆ ಚಹಾ ಕುಡಿದು ಬರಲು ಹೊರಟ. ಓಣಿಯ ನಾಯಿ ಹಲ್ಲು ತೋರಿಸಿ ಬೊಗಳಿತು. ದಿನಾ ಸಂಜೆ ಅವನು ಲಾರಿಯಿಂದ ಇಳಿಯುತ್ತಲೇ ಬಾಲ ಆಡಿಸಿ ಎದುರು ಓಡುವ ನಾಯಿ ಅದೇ.

"ಲೇ, ನಾನಲೇ! ತಿಂದ ಬಿಸ್ಕೀಟು ಮರ್ತ್ಯಾ?" ಎಂದ ಮಾರೇಶ್. ದನಿ ಕೇಳಿದ್ದೇ ನಾಯಿ ಕಿವಿ ಇಳಿಸಿತು.

"ಧೂಳಿಲ್ದ ನಿನ್ನ ಯಾವ ನಾಯಿ ಗುರ್ತು ಹಿಡೀತದೋ?" ಎಂದು ದುರ್ಗಕ್ಕ ನಕ್ಕಳು.

ಕೊಯ್ಯಲೆಂದು ಅಂಗಳಕ್ಕೆ ತಂದಿಟ್ಟ ಮಂಕರಿಯ ಪಕ್ಕ ಕೂತಿದ್ದ ಅಂಜಲಿ ಎದ್ದು ನಿಂತಳು.

"ಅತ್ತಿ, ಕೋಳಿಗೂ ಗುರ್ತು ಸಿಕ್ಕಿಲ್ರೀ."

"ಏನಂದಿ?"

"ನಾ ತೊಳಿಯೋ ಮುಂಚೆ ಒಂದರ ಕೋಳಿ ಇದನ್ನ ಕುಕ್ಕಿತ್ತಾ? ಇದು ಬಿಳೀದಾತು, ಮ್ಯಾಲೆ ಅರಿಸಿನ ಹಚ್ಚಿದ್ವಿ, ದಾರ ಕಟ್ಟಿದ್ವಿ. ಅವಕ್ಕ ಇದು ಬ್ಯಾರೆ ಊರಿನ ಕೋಳಿ."

"ಒಂದ್ ಗೂಡಾಗ ಮಲಗೋ ಕೋಳಿಗೆ ಗುರ್ತಿಲ್ಲಂದ್ರ?"

"ಒಂದ್ ಗೂಡಾಗ ಎಲ್ಲಿ ಮಲಗೇತ್ರಿ? ಅಡಿಗಿ ಮನ್ಯಾಗ ಇಟ್ಟೀವಿ. ಸಂಜೀತನ ಬಿಡ್ರಿ ಅತ್ತಿ. ಆಗ್ಲಿಲ್ಲಂದ್ರ ನಾನ ಮಸಾಲಿ ರುಬ್ತೀನಿ."

ಉಚ್ಚೆಂಗಮ್ಮ ಮಸೆಯುತ್ತಿದ್ದ ಕುಡುಗೋಲು ಪಕ್ಕಕ್ಕಿಟ್ಟಳು. "ಸಂಜೀತನ ಅಷ್ಟ."

ಗಾಯ ಒಣಗಿತ್ತು. ಅಂಜಲಿ ದಾರ ಬಿಚ್ಚಿ ಅರಿಸಿನ ಒರೆಸಿದಳು. ಗೌಡತಿಯನ್ನೆತ್ತಿ, ಅಂಗಳದ ಮೂಲೆಯಲ್ಲಿ ತಾನೇ ಗುಡಿಸಿ ಹಾಕಿದ್ದ ಕೆಂಪು ಗುಡ್ಡೆಯ ಮೇಲೆ ಬಿಟ್ಟಳು. ಕೋಳಿ ಒಂದು ಗಳಿಗೆ ಅತ್ತಿತ್ತ ನೋಡಿತು. ಕಾಲಿನಿಂದ ಕೆದರಿ ಗುಳಿ ಮಾಡಿತು. ಆಮೇಲೆ ಮಗ್ಗುಲಾಗಿ ಬಿದ್ದು, ರೆಕ್ಕೆಯಿಂದ ಧೂಳನ್ನು ಮೈಮೇಲೆ ಎರಚಿಕೊಳ್ಳುತ್ತ, ಕಣ್ಣು ಮುಚ್ಚಿ ಹೊರಳಾಡಿತು. ಅಷ್ಟು ದಿನ ಮಂಕರಿಯೊಳಗೆ ಸಿಗದ ಸುಖ. ಮಧ್ಯಾಹ್ನ ಇನ್ನೊಮ್ಮೆ ಬಿಟ್ಟಳು. ಸಂಜೆಯ ಹೊತ್ತಿಗೆ ಬಿಳಿಯ ಗುರುತು ಬಾಲದ ಕೆಳಗೆ ಮಾತ್ರ ಉಳಿದಿತ್ತು.

ಹಿತ್ತಿಲಲ್ಲಿ ಕಾಳು ಚೆಲ್ಲಿ ಅತ್ತೆ, ಸೊಸೆ ಇಬ್ಬರೂ ನಿಂತರು. ಗೋಡೆಯಾಚೆ ದುರ್ಗಕ್ಕ.

ಮೋಟು ಬಾಲದ್ದು ತಲೆ ಎತ್ತಿ ಹತ್ತಿರ ಬಂತು. ಗೌಡತಿಯ ನೆತ್ತಿಗೆ ಒಂದೇ ಒಂದು ಕುಕ್ಕು ಕುಕ್ಕಿತು. ಗೌಡತಿ ತಲೆ ತಗ್ಗಿಸಿ ಹಿಂದೆ ಸರಿಯಿತು. ಮೋಟು ಬಾಲದ್ದು ಕಾಳಿಗೆ ಮರಳಿತು. ಇನ್ನೊಂದು ಕೋಳಿಯೂ ತಿಂದಿತು. ಬಳಿಕ ಗೌಡತಿ ಕೊಕ್ಕಿಟ್ಟಿತು. ಯಾವುದೂ ಅದರ ಮೇಲೆ ಹಾರಲಿಲ್ಲ.

"ಗೌಡಕಿ ಹೋತಲ್ಲೇ ನಿಂದು," ಎಂದಳು ಉಚ್ಚೆಂಗಮ್ಮ. ದನಿಯಲ್ಲಿ ನಗು ಇತ್ತು.

"ಹೋಗ್ಲಿ ಬಿಡ್ರಿ. ಊಟ ಸಿಗ್ತಲ್ಲ."

"ದೃಷ್ಟಿ ಅಲ್ಲ, ಇದು ನಿನ್ನ ಸೋಪಿನ ಕೆಲಸ." ಆಕೆ ಕೈಯಲ್ಲಿ ಉಳಿದ ಕಾಳು ಕೊಡವಿದಳು. "ಪಂಚಮಿಗೆ ನಿಮ್ಮಣ್ಣಗ ಬಾ ಅನ್ನು. ಬರೀ ಕೈಲೆ ಕಳಿಸಂಗಿಲ್ಲ, ತತ್ತಿ ಕೊಟ್ಟು ಕಳಸ್ತೀನಿ."

ಪಂಚಮಿಗೆ ಪಕ್ಕೀರಪ್ಪ ಬಂದ. ಗೌಡತಿ ಮತ್ತೆ ತತ್ತಿ ಇಡಲು ಶುರುಮಾಡಿತ್ತು. ಕಟ್ಟೆಯ ಮೇಲೆ ಮೋಟು ಬಾಲದ್ದು ಕೂತಿತ್ತು. ಅಂಜಲಿ ಚೀಲ ಹಿಡಿದು ಹೊರಬರುವಾಗ ಅವನು ಹಿತ್ತಿಲ ಕಡೆ ಕತ್ತು ಚಾಚಿದ.

"ಅತ್ತಿ, ಆ ಬಿಳಿ ಕೋಳಿ ಎಲ್ಲೈತ್ರಿ?"

"ಅಲ್ಲೇ ಐತಿ ನೋಡಪ್ಪ," ಎಂದಳು ಉಚ್ಚೆಂಗಮ್ಮ.

ಅವನು ಕೆಂಪು ಕೋಳಿಗಳನ್ನು ಒಂದೊಂದಾಗಿ ನೋಡಿದ. ಸಿಗಲಿಲ್ಲ. ಅಂಜಲಿ ತೋರಿಸಲು ಕೈ ಎತ್ತಿದಳು. ಅತ್ತೆ ಅವಳ ಮೊಣಕೈ ಹಿಡಿದು ಕಿವಿಯ ಹತ್ತಿರ ಬಂದಳು.

"ಯಾವುದಂತ ಮಾತ್ರ ಹೇಳಬ್ಯಾಡವಾ," ಎಂದಳು.